ಕೈ ಆಡದಿದ್ದರೂ ಓಡುವ ಗಾಲಿಕುರ್ಚಿ

ನಮ್ಮ ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದು ಏಳು ಮಳೆಗಾಲ ಕಳೆಯಿತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹತ್ತಿದ್ದರು. ಕಾಲು ಜಾರಿತು. ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಡಾಕ್ಟರು ಚೀಟಿಯಲ್ಲಿ ‘ಸಿ-5’ ಎಂದು ಬರೆದರು. ಆಗ ನಮಗೆ ಅದರ ಅರ್ಥ ಗೊತ್ತಿರಲಿಲ್ಲ. ಮನೆಗೆ ಕರೆದುಕೊಂಡು ಬಂದ ಮೇಲೆ ಒಂದೊಂದಾಗಿ ಗೊತ್ತಾಯಿತು. ಭುಜ ಎತ್ತುತ್ತಾರೆ. ಎಡ ಮೊಣಕೈ ಮಡಚುತ್ತಾರೆ. ಬಲಗೈ ಅಷ್ಟಕ್ಕಷ್ಟೇ. ಬೆರಳು ಒಂದೂ ಆಡುವುದಿಲ್ಲ.

ಎರಡು ವರ್ಷ ಬಿಟ್ಟು ಬ್ಯಾಟರಿ ಗಾಲಿಕುರ್ಚಿ ತರಿಸಿದೆವು. ಓಡಿಸಲು ಬಾಗಿಸುವ ಚಿಕ್ಕ ಹಿಡಿಕೆ, ಅಂದರೆ ಜಾಯ್‌ಸ್ಟಿಕ್, ಬಲಗಡೆ ಇತ್ತು. ಅದರ ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗುಂಡು. ಬೆರಳಲ್ಲಿ ಹಿಡಿದರೆ ಮಾತ್ರ ಆಡಿಸಲು ಬರುವಂಥದ್ದು. ಮಾರಿದವರಿಗೆ ಫೋನ್ ಮಾಡಿದರೆ ‘ಕಂಪನಿಯಿಂದ ಹಾಗೇ ಬರೋದು’ ಎಂದರು. ಅದನ್ನು ಎಡಗಡೆಗೆ ಹಾಕಿಸುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ನಾಲ್ಕು ಸ್ಕ್ರೂ ಬಿಚ್ಚಿ ಹಾಕುವ ಕೆಲಸ ಅದು. ಗುಂಡಿನ ಸಮಸ್ಯೆಯನ್ನು ನಮ್ಮೂರಿನ ಪ್ಲಂಬರ್ ಬಗೆಹರಿಸಿದ. ಅರ್ಧ ಇಂಚಿನ ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ‘ಯು’ ಆಕಾರಕ್ಕೆ ಬಗ್ಗಿಸಿದ. ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಗುಂಡಿನ ಜಾಗಕ್ಕೆ ಕೂರಿಸಿದ. ಚಿಕ್ಕಪ್ಪ ಮುಷ್ಟಿಯನ್ನು ಆ ‘ಯು’ ಒಳಗೆ ಇಟ್ಟು ತೋಳಿನಿಂದ ತಳ್ಳಿದರು. ಕುರ್ಚಿ ಜಗಲಿಯಿಂದ ಇಳಿಜಾರು ಹಲಗೆಯ ಮೇಲೆ ಅಂಗಳಕ್ಕೆ ಬಂತು. ಎರಡು ವರ್ಷದಲ್ಲಿ ಅವರು ಯಾರೂ ತಳ್ಳದೆ ಅಷ್ಟು ದೂರ ಹೋಗಿದ್ದು ಅದೇ ಮೊದಲು.

ಅಂಥದೇ ‘ಯು’ ಹಿಡಿಕೆಗಳು ಕಂಪನಿಗಳಲ್ಲೂ ತಯಾರಾಗುತ್ತವೆ, ಅದಕ್ಕೆ ಗೋಲ್‌ಪೋಸ್ಟ್ ಹಿಡಿಕೆ ಎನ್ನುತ್ತಾರೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ತೋಳೂ ಆಡದಿದ್ದರೆ? ಕತ್ತೂ ನಿಲ್ಲದಿದ್ದರೆ? ಕಣ್ಣು ಬಿಟ್ಟು ಬೇರೇನೂ ಅಲುಗಾಡದಿದ್ದರೆ? ಅಂಥವರು ಕುರ್ಚಿ ಓಡಿಸುವುದು ಹೇಗೆ? ತಿಳಿದುಕೊಂಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕುರ್ಚಿ ಓಡುವ ಬಗೆ ನೋಡೋಣ. ಬ್ಯಾಟರಿ ಗಾಲಿಕುರ್ಚಿಗೆ ಕಾರಿನ ಹಾಗೆ ಸ್ಟೀರಿಂಗ್ ಇಲ್ಲ. ಎಡಗಾಲಿಗೆ ಒಂದು ಮೋಟಾರು, ಬಲಗಾಲಿಗೆ ಒಂದು. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಕುರ್ಚಿ ನೇರ ಹೋಗುತ್ತದೆ. ಬಲದ್ದು ನಿಧಾನವಾದರೆ ಬಲಕ್ಕೆ ತಿರುಗುತ್ತದೆ. ಒಂದು ಮುಂದೆ, ಒಂದು ಹಿಂದೆ ತಿರುಗಿದರೆ ನಿಂತಲ್ಲೇ ಸುತ್ತುತ್ತದೆ. ಜಾಯ್‌ಸ್ಟಿಕ್ ಎಷ್ಟು ಬಾಗಿದೆ, ಯಾವ ಕಡೆ ಬಾಗಿದೆ ಎಂಬುದನ್ನು ಒಳಗಿನ ಸೆನ್ಸರ್ ಅಳೆಯುತ್ತದೆ. ನಡುವೆ ಕೂತ ಕಂಟ್ರೋಲರ್ ಎಂಬ ಡಬ್ಬಿ ಆ ಅಳತೆಯನ್ನು ಎರಡು ಮೋಟಾರುಗಳ ವೇಗವಾಗಿ ಬದಲಾಯಿಸುತ್ತದೆ. ಅಷ್ಟೇ. ಹಾಗಾಗಿ ಕುರ್ಚಿಗೆ ಜಾಯ್‌ಸ್ಟಿಕ್ಕೇ ಬೇಕು ಅಂತೇನಿಲ್ಲ. ‘ಯಾವ ಕಡೆ, ಎಷ್ಟು’ ಎಂದು ಹೇಳುವ ಏನಾದರೂ ಒಂದು ಸಿಕ್ಕರೆ ಸಾಕು.

ಈ ಯೋಚನೆ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಎಷ್ಟೋ ಸೈನಿಕರು ಬದುಕಿ ಮನೆಗೆ ಬಂದರು. ಅವರಿಗಾಗಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿದ್ದ ಎಂಜಿನಿಯರ್ ಜಾರ್ಜ್ ಕ್ಲೈನ್ 1950ರ ದಶಕದ ಆರಂಭದಲ್ಲಿ ಮೋಟಾರು ಕುರ್ಚಿ ಮಾಡಿದರು. 1956ರಲ್ಲಿ ಅಮೆರಿಕದ ಎವರೆಸ್ಟ್ ಅಂಡ್ ಜೆನ್ನಿಂಗ್ಸ್ ಕಂಪನಿ ಅಂಥ ಕುರ್ಚಿಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು.

ಈಗ ದೇಹದ ಕಡೆ ಬರೋಣ. ಇದು ತಿಳಿದರೆ ಉಳಿದದ್ದೆಲ್ಲ ಸುಲಭ.

ಮಿದುಳಿನಿಂದ ಕೈಕಾಲಿಗೆ ಹೋಗುವ ಆಜ್ಞೆಗಳೆಲ್ಲ ಬೆನ್ನುಹುರಿಯ ಮೂಲಕವೇ ಇಳಿಯಬೇಕು. ತೋಟಕ್ಕೆ ನೀರು ಬಿಟ್ಟ ಪೈಪಿನ ಹಾಗೆ. ಪೈಪು ಎಲ್ಲಿ ಒಡೆಯಿತೋ ಅದರ ಕೆಳಗಿನ ಮರಗಳಿಗೆ ನೀರಿಲ್ಲ, ಮೇಲಿನವಕ್ಕೆ ಇದೆ. ಕತ್ತಿನ ಭಾಗದ ಬೆನ್ನುಹುರಿಯನ್ನು ಮೇಲಿನಿಂದ ಸಿ-1, ಸಿ-2 ಎಂದು ಎಣಿಸುತ್ತಾ ಬರುತ್ತಾರೆ. ಸಿ-6ರಲ್ಲಿ ಪೆಟ್ಟಾದರೆ ಸಾಮಾನ್ಯವಾಗಿ ಮಣಿಕಟ್ಟು ಎತ್ತಲು ಬರುತ್ತದೆ. ಸಿ-5 ಆದರೆ ಮೊಣಕೈ ಮಡಚಲು ಬರುತ್ತದೆ, ಚಿಕ್ಕಪ್ಪನ ಹಾಗೆ. ಸಿ-4 ಆದರೆ ಭುಜ ಕುಣಿಸಬಹುದು, ಕೈ ಇಲ್ಲ. ಅದಕ್ಕೂ ಮೇಲಾದರೆ ಉಸಿರಾಟಕ್ಕೇ ಯಂತ್ರ ಬೇಕಾಗುವುದು ಹೆಚ್ಚು. ಹುರಿ ಪೂರ್ತಿ ತುಂಡಾಗಿದೆಯೋ, ಸ್ವಲ್ಪ ಉಳಿದಿದೆಯೋ ಎನ್ನುವುದರ ಮೇಲೆ ಇದು ಒಬ್ಬೊಬ್ಬರಿಗೆ ಒಂದೊಂದು ಥರ.

ಆದರೆ ಕಣ್ಣು, ಮುಖ, ನಾಲಿಗೆ? ಅವುಗಳ ನರಗಳು ಬೆನ್ನುಹುರಿಗೆ ಇಳಿಯುವುದೇ ಇಲ್ಲ. ಮಿದುಳಿನ ಬುಡದಿಂದ ನೇರವಾಗಿ ಹೊರಟು ಮುಖಕ್ಕೆ ಬರುತ್ತವೆ. ಅದಕ್ಕೇ ಕತ್ತಿನ ಕೆಳಗೆ ಏನೂ ಆಡದವರು ಮಾತಾಡುತ್ತಾರೆ, ನಗುತ್ತಾರೆ, ನಾಲಿಗೆಯಲ್ಲಿ ತುಟಿ ಸವರಿಕೊಳ್ಳುತ್ತಾರೆ. ಕಾಯಿಲೆ ಬೇರೆಯಾದರೆ ಲೆಕ್ಕವೂ ಬೇರೆ. ಸ್ನಾಯು ಆಡಿಸುವ ನರಗಳು ಮೆಲ್ಲಗೆ ಸಾಯುತ್ತಾ ಹೋಗುವ ಎಎಲ್‌ಎಸ್ ಎಂಬ ಕಾಯಿಲೆ ಬಂದವರಲ್ಲಿ ನಾಲಿಗೆ, ಗಂಟಲು ಸೋಲುತ್ತವೆ, ಕಣ್ಣು ಮಾತ್ರ ಕೊನೆಯವರೆಗೂ ಉಳಿಯುವುದು ಜಾಸ್ತಿ. ಹುಟ್ಟುವ ಆಸುಪಾಸಿನಲ್ಲಿ ಮಿದುಳಿಗೆ ಪೆಟ್ಟಾಗಿ ಬರುವ ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರಿಗೆ ಕೈ ಆಡುತ್ತದೆ, ಆದರೆ ಹೇಳಿದ ಮಾತು ಕೇಳುವುದಿಲ್ಲ. ಪಾರ್ಕಿನ್ಸನ್ ಇದ್ದವರ ಕೈ ನಡುಗುತ್ತದೆ. ನಡುಕ ಮಾತ್ರ ಸಮಸ್ಯೆಯಾಗಿದ್ದರೆ ಬೇರೆ ಸಾಧನವೇ ಬೇಡ, ಕಂಟ್ರೋಲರ್‌ನಲ್ಲಿ ಸಣ್ಣ ಅಲುಗಾಟಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಸೆಟ್ಟಿಂಗ್ ಬದಲಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಒಳ್ಳೆಯ ಫಿಸಿಯೋ ಅಥವಾ ದಿನನಿತ್ಯದ ಕೆಲಸ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಮೊದಲು ಹುಡುಕುವುದು ಒಂದೇ: ಈ ಮನುಷ್ಯ ಬೇಕೆಂದಾಗ ಮಾಡಬಲ್ಲ, ಬೇಡವೆಂದಾಗ ನಿಲ್ಲಿಸಬಲ್ಲ, ದಿನವಿಡೀ ಮಾಡಿದರೂ ದಣಿಯದ ಒಂದು ಚಲನೆ ಎಲ್ಲಿದೆ?

ತೋಳಿನ ನಂತರ ಸಾಮಾನ್ಯವಾಗಿ ನೋಡುವುದು ತಲೆಯನ್ನು. ಗದ್ದದ ಕೆಳಗೆ ಚಿಕ್ಕ ಜಾಯ್‌ಸ್ಟಿಕ್ ಕೂರಿಸಿದರೆ ಗದ್ದದಿಂದ ಒತ್ತಿ ಓಡಿಸಬಹುದು. ನಾನು ಒಮ್ಮೆ ಅರ್ಧ ಗಂಟೆ ಕೂತು ನೋಡಿದ್ದೇನೆ. ಹತ್ತು ನಿಮಿಷಕ್ಕೆ ಅಭ್ಯಾಸವಾಯಿತು. ಇಪ್ಪತ್ತು ನಿಮಿಷಕ್ಕೆ ಕತ್ತು ನೋಯತೊಡಗಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು: ಯಾರೋ ಕರೆದರು ಎಂದು ತಿರುಗಿ ನೋಡಿದರೆ ಕುರ್ಚಿಯೂ ತಿರುಗಿತು! ಇನ್ನೊಂದು ಬಗೆಯಲ್ಲಿ ತಲೆಯ ಹಿಂದಿನ ದಿಂಬಿನಲ್ಲೇ ಮೂರು ಸೆನ್ಸರ್ ಇರುತ್ತವೆ. ತಲೆ ಹಿಂದಕ್ಕೆ ಒರಗಿಸಿದರೆ ಮುಂದೆ, ಎಡಕ್ಕೆ ವಾಲಿದರೆ ಎಡ, ಬಲಕ್ಕೆ ವಾಲಿದರೆ ಬಲ. ಇದರಲ್ಲಿ ಮುಖದ ಮುಂದೆ ಏನೂ ಅಡ್ಡ ಇರುವುದಿಲ್ಲ. ಊಟ ಮಾಡಿಸುವುದು, ಮಾತಾಡುವುದು ಸುಲಭ.

ಆಮೇಲೆ ಉಸಿರು. ಎಳನೀರು ಕುಡಿಯುವ ಸ್ಟ್ರಾ ಒಂದನ್ನು ತುಟಿಗಿಟ್ಟುಕೊಳ್ಳಿ. ಜೋರಾಗಿ ಊದಿ. ಮೆಲ್ಲಗೆ ಊದಿ. ಜೋರಾಗಿ ಎಳೆಯಿರಿ. ಮೆಲ್ಲಗೆ ಎಳೆಯಿರಿ. ನಾಲ್ಕು ಆಜ್ಞೆ ಸಿಕ್ಕಿತು, ಅಲ್ವಾ? ‘ಸಿಪ್ ಅಂಡ್ ಪಫ್’ ಎಂದು ಕರೆಯುವ ಸಾಧನ ಇಷ್ಟೇ. ಸ್ಟ್ರಾದ ಇನ್ನೊಂದು ತುದಿಯಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಸಾಮಾನ್ಯವಾಗಿ ಜೋರಾಗಿ ಊದಿದರೆ ಮುಂದೆ, ಜೋರಾಗಿ ಎಳೆದರೆ ಹಿಂದೆ, ಮೆಲ್ಲಗೆ ಊದಿದರೆ ಬಲ, ಮೆಲ್ಲಗೆ ಎಳೆದರೆ ಎಡ. ಇದರ ಬೇರು ಇಂಗ್ಲೆಂಡಿನಲ್ಲಿದೆ. 1960ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ರೋಗಿಗಳನ್ನು ಮಾತಾಡಿಸಲು ಹೋಗುತ್ತಿದ್ದ ರೆಜಿನಾಲ್ಡ್ ಮೇಲಿಂಗ್ ಒಂದು ವಿಷಯ ಗಮನಿಸಿದರು. ಕೈಕಾಲು ಆಡದವರಿಗೆ ನರ್ಸನ್ನು ಕರೆಯಲು ಇದ್ದದ್ದು ಒಂದು ಸೀಟಿ ಮಾತ್ರ. ಊದುವ ಶಕ್ತಿ ಇದ್ದರೆ ಅದರಿಂದ ಇನ್ನೂ ಎಷ್ಟೋ ಮಾಡಬಹುದಲ್ಲ ಎಂದು ಅವರು ಉಸಿರಿನಿಂದ ದೀಪ, ಗಂಟೆ, ಟೈಪ್‌ರೈಟರ್ ನಡೆಸುವ ಯಂತ್ರ ಕಟ್ಟಿದರು. ಅದಕ್ಕೆ ಪಾಸಮ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ‘ನನ್ನಿಂದ ಆಗುತ್ತದೆ’ ಎಂದು ಅರ್ಥ.

ಉಸಿರಿನ ತೊಂದರೆ ಏನು ಗೊತ್ತಾ? ಜಾಯ್‌ಸ್ಟಿಕ್‌ನಲ್ಲಿ ಸ್ವಲ್ಪ ಬಾಗಿಸಿದರೆ ಸ್ವಲ್ಪ, ಜಾಸ್ತಿ ಬಾಗಿಸಿದರೆ ಜಾಸ್ತಿ. ಉಸಿರಿನಲ್ಲಿ ಆ ಹದ ಇಲ್ಲ. ಲೈಟಿನ ಸ್ವಿಚ್ಚಿನ ಹಾಗೆ ಆನ್ ಇಲ್ಲವೇ ಆಫ್. ಅಲ್ಲದೆ ಅಂಗಡಿ ತನಕ ಊದುತ್ತಲೇ ಹೋಗಲು ಆಗುವುದಿಲ್ಲ. ಹಾಗಾಗಿ ಒಮ್ಮೆ ಊದಿದರೆ ಕುರ್ಚಿ ಹೊರಟು, ನಿಲ್ಲಿಸುವ ತನಕ ಹೋಗುತ್ತಲೇ ಇರುವಂತೆ ಸೆಟ್ಟಿಂಗ್ ಇಡುತ್ತಾರೆ. ಆ ಹೊತ್ತಿನಲ್ಲಿ ಕೆಮ್ಮು ಬಂದರೆ? ಅದಕ್ಕೇ ಇಂಥ ಕುರ್ಚಿಗಳಲ್ಲಿ ಬೇರೆಯದೇ ಒಂದು ನಿಲ್ಲಿಸುವ ಸ್ವಿಚ್ಚು ಬೇಕೇ ಬೇಕು. ಕುರ್ಚಿ ತೋರಿಸುವವರು ‘ಇದು ಹೇಗೆ ಓಡುತ್ತೆ ನೋಡಿ’ ಎನ್ನುತ್ತಾರೆ. ನೀವು ‘ಹೇಗೆ ನಿಲ್ಲುತ್ತೆ ತೋರಿಸಿ’ ಎಂದು ಕೇಳಿ.

ನಾಲಿಗೆಯ ಕಥೆ ನನಗೆ ಬಹಳ ಇಷ್ಟ. ನಾಲಿಗೆ ಬೇಗ ದಣಿಯುವುದಿಲ್ಲ. ಬಾಯೊಳಗೆ ಎಲ್ಲಿ ಬೇಕಾದರೂ ಕ್ಷಣದಲ್ಲಿ ಮುಟ್ಟುತ್ತದೆ. ಹಲ್ಲಿಗೆ ಸಿಕ್ಕಿಕೊಂಡ ಅಡಿಕೆ ಚೂರನ್ನು ಅದು ಎಷ್ಟು ಜಾಣತನದಿಂದ ಹುಡುಕುತ್ತದೆ ನೆನಪಿಸಿಕೊಳ್ಳಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಮೈಸಂ ಘೋವಾನ್ಲೂ ಅವರ ತಂಡ ಇದನ್ನೇ ಹಿಡಿದುಕೊಂಡಿತು. ನಾಲಿಗೆಗೆ ಮೂಗುತಿಯ ಹಾಗೆ ಚುಚ್ಚಿ ಒಂದು ಪುಟ್ಟ ಅಯಸ್ಕಾಂತ ಕೂರಿಸಿದರು. ಕೆನ್ನೆಯ ಬಳಿ ಬರುವ ಹೆಡ್‌ಸೆಟ್‌ನ ಸೆನ್ಸರ್‌ಗಳು ಆ ಅಯಸ್ಕಾಂತ ಎಲ್ಲಿದೆ ಎಂದು ಪತ್ತೆ ಹಚ್ಚುತ್ತವೆ. ನಾಲಿಗೆ ಈ ಹಲ್ಲಿಗೆ ತಾಗಿದರೆ ಎಡ, ಆ ಹಲ್ಲಿಗೆ ತಾಗಿದರೆ ಬಲ. 2013ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೈಕಾಲು ಸ್ವಾಧೀನವಿಲ್ಲದ 11 ಜನ ಇದ್ದರು. ಅವರು ಅಭ್ಯಾಸವಾಗಿದ್ದ ಸಿಪ್ ಅಂಡ್ ಪಫ್‌ಗಿಂತ ಸುಮಾರು ಮೂರು ಪಟ್ಟು ವೇಗವಾಗಿ, ಅಷ್ಟೇ ನಿಖರವಾಗಿ ನಾಲಿಗೆಯಿಂದ ಕೆಲಸ ಮಾಡಿದರು.

ಮುಖದ ಭಾವದಿಂದ ಓಡುವ ಕುರ್ಚಿಗಳೂ ಇವೆ. ಬ್ರೆಜಿಲ್‌ನ ಹೂಬಾಕ್ಸ್ ಎಂಬ ಕಂಪನಿ ಇಂಟೆಲ್ ಜೊತೆ ಸೇರಿ 2018ರಲ್ಲಿ ಅಂಥದ್ದೊಂದನ್ನು ತೋರಿಸಿತು. ಮುಂದಿರುವ ಕ್ಯಾಮೆರಾ ಹುಬ್ಬೇರಿಸಿದ್ದನ್ನು, ನಕ್ಕಿದ್ದನ್ನು, ನಾಲಿಗೆ ಚಾಚಿದ್ದನ್ನು ಗುರುತಿಸುತ್ತದೆ. ಧ್ವನಿಯಿಂದ ಓಡುವವೂ ಇವೆ. ಆದರೆ ಸಂತೆಯ ಗದ್ದಲದಲ್ಲಿ, ನೆಗಡಿಯಾದ ದಿನ, ಮಾತು ತೊದಲುವವರಿಗೆ ಅದನ್ನು ನಂಬಿ ಕೂರುವುದು ಕಷ್ಟ. ‘ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ ಸಾಕು’ ಎಂದು ಹೇಳಿ ಮುಗಿಸುವಷ್ಟರಲ್ಲಿ ಗೋಡೆ ಬಂದಿರುತ್ತದೆ.

ಕಣ್ಣಿನದು ಬೇರೆಯೇ ಪೇಚು. ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕಣ್ಣಿಗೆ ಬಿಟ್ಟು, ಅದು ಕಣ್ಣುಗುಡ್ಡೆಯಲ್ಲಿ ಹೊಳೆಯುವ ಜಾಗವನ್ನು ಕ್ಯಾಮೆರಾ ನೋಡುತ್ತದೆ. ಅದರಿಂದ ನೀವು ಎಲ್ಲಿ ನೋಡುತ್ತಿದ್ದೀರಿ ಎಂದು ಲೆಕ್ಕ ಹಾಕುತ್ತದೆ. ಆದರೆ ಕಣ್ಣು ಇರುವುದು ನೋಡುವುದಕ್ಕೆ. ಸೆಕೆಂಡಿಗೆ ಮೂರು ನಾಲ್ಕು ಸಲ ಅದು ಸುಮ್ನೆ ಅಲ್ಲಿ ಇಲ್ಲಿ ಹಾರುತ್ತದೆ. ನೋಡಿದ್ದೆಲ್ಲ ಆಜ್ಞೆಯಾಗಿಬಿಟ್ಟರೆ? ಮುಟ್ಟಿದ್ದೆಲ್ಲ ಚಿನ್ನವಾದ ಮಿಡಾಸ್ ರಾಜನ ಹೆಸರಿನಲ್ಲಿ ತಜ್ಞರು ಇದನ್ನು ‘ಮಿಡಾಸ್ ಟಚ್’ ಸಮಸ್ಯೆ ಎನ್ನುತ್ತಾರೆ. ನಮಗೆ ಭಸ್ಮಾಸುರನನ್ನು ನೆನೆದರೆ ಇನ್ನೂ ಬೇಗ ಅರ್ಥವಾಗುತ್ತದೆ. ವರವೇನೋ ಸಿಕ್ಕಿತು, ಕೈಯನ್ನು ಎಲ್ಲೂ ಇಡುವ ಹಾಗಿಲ್ಲ. ಅದಕ್ಕೆ ಪರಿಹಾರವಾಗಿ ಒಂದೇ ಜಾಗವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಮಾತ್ರ ಆಜ್ಞೆ ಎಂದು ಇಡುತ್ತಾರೆ. ಆಗ ತಪ್ಪು ಕಡಿಮೆ, ಆದರೆ ತಡ.

ಕೊನೆಯದು ಮಿದುಳು. ಸುದ್ದಿಯಲ್ಲಿ ಜಾಸ್ತಿ ಬರುವುದು ಇದೇ. ‘ಮನಸ್ಸಲ್ಲಿ ಅಂದುಕೊಂಡರೆ ಸಾಕು, ಕುರ್ಚಿ ಓಡುತ್ತೆ’ ಎನ್ನುವ ತಲೆಬರಹ ನೀವೂ ನೋಡಿರುತ್ತೀರಿ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಂತ್ರ ಮನಸ್ಸು ಓದುವುದಿಲ್ಲ. ತಲೆಯ ಮೇಲೆ ಎಲೆಕ್ಟ್ರೋಡ್‌ಗಳಿರುವ ಟೋಪಿ ಹಾಕುತ್ತಾರೆ. ಅದು ಆಸ್ಪತ್ರೆಯಲ್ಲಿ ಮಾಡುವ ಇಇಜಿಯ ಹಾಗೆಯೇ, ಮಿದುಳಿನ ವಿದ್ಯುತ್ತಿನ ಏರಿಳಿತ ಹಿಡಿಯುತ್ತದೆ. ತಲೆಬುರುಡೆಯ ಹೊರಗಿಂದ ಕೇಳುವುದು ಎಂದರೆ ಜಾತ್ರೆ ನಡೆಯುವಾಗ ಊರಾಚೆ ನಿಂತು ಕೇಳಿದ ಹಾಗೆ. ಒಬ್ಬೊಬ್ಬರ ಮಾತು ಕೇಳುವುದಿಲ್ಲ, ಗದ್ದಲ ಏರಿದ್ದು ಇಳಿದದ್ದು ಗೊತ್ತಾಗುತ್ತದೆ. ಕೈ ಆಡಿಸುವ ಭಾಗದ ಮಿದುಳಿನಲ್ಲಿ ಸುಮ್ಮನಿದ್ದಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಒಂದು ಅಲೆ ಇರುತ್ತದೆ. ಕೈ ಆಡಿಸಿದಂತೆ ಕಲ್ಪಿಸಿಕೊಂಡರೆ ಆ ಅಲೆ ತಗ್ಗುತ್ತದೆ. ಕೈ ನಿಜವಾಗಿ ಆಡಬೇಕಿಲ್ಲ, ಆಡಿಸಿದೆ ಎಂದುಕೊಂಡರೂ ತಗ್ಗುತ್ತದೆ. ಹಿಡಿಯುವುದು ಈ ತಗ್ಗನ್ನು.

2022ರಲ್ಲಿ ಹೊಸೆ ಮಿಯಾನ್ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಇದು ನಿಜ ಜೀವನಕ್ಕೆ ಹತ್ತಿರ ಬಂದದ್ದು ಕಾಣುತ್ತದೆ. ಅವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು. ಕೈಕಾಲು ಆಡದ ಮೂವರಿಗೆ ವಾರಕ್ಕೆ ಮೂರು ದಿನದಂತೆ ಎರಡರಿಂದ ಐದು ತಿಂಗಳು ತರಬೇತಿ ಕೊಟ್ಟರು. ಎರಡೂ ಕೈ ಆಡಿಸಿದಂತೆ ಅಂದುಕೊಂಡರೆ ಕುರ್ಚಿ ಎಡಕ್ಕೆ, ಎರಡೂ ಕಾಲು ಆಡಿಸಿದಂತೆ ಅಂದುಕೊಂಡರೆ ಬಲಕ್ಕೆ. ಶುರುವಿನಲ್ಲಿ ಮೂವರದ್ದೂ ಒಂದೇ ಕಥೆ. ನೂರಕ್ಕೆ 43ರಿಂದ 55 ಸಲ ಮಾತ್ರ ಯಂತ್ರಕ್ಕೆ ಸರಿಯಾಗಿ ತಿಳಿಯಿತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ತಿಂಗಳುಗಟ್ಟಲೆ ಕಲಿತ ಮೇಲೆ ಒಬ್ಬರು 95 ದಾಟಿದರು. ಇನ್ನೊಬ್ಬರು ನಡುವಿನಲ್ಲೇ 98 ಮುಟ್ಟಿದರು. ಅಡೆತಡೆಗಳಿದ್ದ ಕೋಣೆಯಲ್ಲಿ ಅವರಿಬ್ಬರೂ ಕುರ್ಚಿ ಓಡಿಸಿ ದಾಟಿದರು. ಮೂರನೆಯವರಿಗೆ ಮಾತ್ರ ಹೆಚ್ಚು ಸುಧಾರಣೆಯಾಗಲಿಲ್ಲ, ಅವರು ಅರ್ಧಂಬರ್ಧ ದಾರಿ ಹೋದರು.

ನನಗೆ ಇದರಲ್ಲಿ ಮುಖ್ಯವಾಗಿ ಕಂಡಿದ್ದು ಆ ಕಲಿಕೆ. ಯಂತ್ರ ಮನುಷ್ಯನನ್ನು ಕಲಿಯುತ್ತದೆ, ನಿಜ. ಅದಕ್ಕಿಂತ ಜಾಸ್ತಿ ಮನುಷ್ಯನ ಮಿದುಳೇ ಕಲಿಯಬೇಕಾಗುತ್ತದೆ, ಸೈಕಲ್ ಕಲಿತ ಹಾಗೆ. ಟೋಪಿ ತಂದ ದಿನವೇ ಕುರ್ಚಿ ಓಡುವುದಿಲ್ಲ. ಹಾಗೆ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇಷ್ಟಾದ ಮೇಲೆ ರೋಬೋ ಕುರ್ಚಿ, ಅಂದರೆ ಸುತ್ತಲಿನದನ್ನು ತಾನೂ ನೋಡಿಕೊಂಡು ನಡೆಯುವ ಕುರ್ಚಿ, ಯಾಕೆ ಬೇಕು ಎನ್ನುವುದು ತಾನಾಗೇ ಗೊತ್ತಾಗುತ್ತದೆ. ಲೆಕ್ಕ ಹಾಕಿ. ಕುರ್ಚಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಅಂದರೆ ನಡಿಗೆಯ ವೇಗದಲ್ಲಿ ಹೋಗುತ್ತಿದೆ. ಸೆಕೆಂಡಿಗೆ ಸುಮಾರು 1.4 ಮೀಟರ್ ಆಯಿತು. ಆಜ್ಞೆ ತಲುಪಲು ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಕುರ್ಚಿ ಒಂಬತ್ತು ಅಡಿ ಹೋಗಿರುತ್ತದೆ. ನಮ್ಮ ಎಷ್ಟೋ ಮನೆಗಳ ಹಾಲ್ ಅಷ್ಟಕ್ಕೇ ಮುಗಿಯುತ್ತದೆ. ಆಜ್ಞೆ ತಡ, ಆಜ್ಞೆಗಳ ಸಂಖ್ಯೆ ಕಡಿಮೆ, ನಡುವೆ ತಪ್ಪೂ ಇದೆ. ಹಾಗಾಗಿ ಕುರ್ಚಿಗೇ ಸ್ವಲ್ಪ ಕಣ್ಣು, ಸ್ವಲ್ಪ ಬುದ್ಧಿ ಇರಬೇಕು. 2000ನೇ ಇಸವಿಯಲ್ಲಿ ಅಮೆರಿಕದ ಚಿಕಿತ್ಸಕರನ್ನು ಕೇಳಿ ಮಾಡಿದ ಒಂದು ಸಮೀಕ್ಷೆಯನ್ನು ಈ ಕ್ಷೇತ್ರದವರು ಇವತ್ತಿಗೂ ನೆನೆಯುತ್ತಾರೆ. ಬ್ಯಾಟರಿ ಕುರ್ಚಿಯ ತರಬೇತಿ ಪಡೆದವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ದಿನನಿತ್ಯ ಅದನ್ನು ಬಳಸುವುದು ತೀರಾ ಕಷ್ಟ ಅಥವಾ ಅಸಾಧ್ಯವಾಗಿತ್ತು. ತಿರುಗಿಸುವುದು, ಸಂದಿಯಲ್ಲಿ ತೂರಿಸುವುದು ಎಂದು ಕೇಳಿದಾಗ ಆ ಸಂಖ್ಯೆ 40ಕ್ಕೆ ಏರಿತು.

ಕುರ್ಚಿಯ ಕಣ್ಣು ಎಂದರೆ ಅಲ್ಟ್ರಾಸೌಂಡ್ ಸೆನ್ಸರ್, ಲೇಸರ್, ಕ್ಯಾಮೆರಾ. ಬಾವಲಿ ಕೂಗಿ ಪ್ರತಿಧ್ವನಿ ಕೇಳುವ ಹಾಗೆ ಅಲ್ಟ್ರಾಸೌಂಡ್ ಗೋಡೆ ಎಷ್ಟು ದೂರ ಎಂದು ಹೇಳುತ್ತದೆ. ಲೇಸರ್ ಸುತ್ತಲೂ ಬೆಳಕು ಬೀಸಿ ನಕ್ಷೆ ಬರೆಯುತ್ತದೆ. ಇವಕ್ಕೆ ಕಾಣದವೂ ಇವೆ. ಗಾಜಿನ ಬಾಗಿಲನ್ನು ಲೇಸರ್ ದಾಟಿ ಹೋಗಿಬಿಡುತ್ತದೆ. ಕೆಳಗೆ ಇಳಿಯುವ ಮೆಟ್ಟಿಲು, ಮುಚ್ಚಳವಿಲ್ಲದ ಚರಂಡಿ ‘ಖಾಲಿ ಜಾಗ’ ಎಂದೇ ಕಾಣಬಹುದು. ಅದಕ್ಕೆಂದೇ ನೆಲ ನೋಡುವ ಸೆನ್ಸರ್ ಬೇರೆ ಬೇಕು.

ಆದರೆ ನೋಡುವುದಕ್ಕಿಂತ ದೊಡ್ಡ ಕಷ್ಟ ತೀರ್ಮಾನ ಮಾಡುವುದರಲ್ಲಿದೆ. ಎದುರಿಗೆ ಊಟದ ಮೇಜು ಇದೆ ಅಂದುಕೊಳ್ಳಿ. ಕೂತವರು ‘ಮುಂದೆ’ ಎನ್ನುತ್ತಾರೆ. ಮೇಜು ಅಡ್ಡಿ, ಹಾಗಾಗಿ ಕುರ್ಚಿ ನಿಲ್ಲಬೇಕಾ? ಅಥವಾ ಅವರು ಊಟಕ್ಕೆ ಕೂರಲು ಹೊರಟಿದ್ದಾರಾ? ಅಡ್ಡಿಗೆ ಗುದ್ದಬಾರದು ಎಂದಷ್ಟೇ ಹೇಳಿಕೊಟ್ಟ ಕುರ್ಚಿ ಅವರನ್ನು ಮೇಜಿನಿಂದ ಎರಡು ಅಡಿ ದೂರ ನಿಲ್ಲಿಸುತ್ತದೆ. ಬಾಗಿಲಿನಲ್ಲೂ ಹೀಗೇ. ಎರಡೂವರೆ ಅಡಿಯ ಬಾಗಿಲಿನಲ್ಲಿ ಎರಡಡಿಗೂ ಮಿಕ್ಕಿದ ಅಗಲದ ಕುರ್ಚಿ ತೂರಬೇಕು. ಎರಡೂ ಕಡೆ ಉಳಿಯುವುದು ನಾಲ್ಕು ಬೆರಳು. ಗೋಡೆಗೆ ಹೆದರುವ ಕುರ್ಚಿ ಬಾಗಿಲು ದಾಟುವುದೇ ಇಲ್ಲ. 1990ರ ದಶಕದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಮಾಡಿದ ನ್ಯಾವ್‌ಚೇರ್ ಎಂಬ ಕುರ್ಚಿಯಲ್ಲಿ ಇದಕ್ಕೇ ಬೇರೆ ಬೇರೆ ಮೋಡ್ ಇದ್ದವು. ಸಾಮಾನ್ಯವಾಗಿ ಅಡ್ಡಿ ತಪ್ಪಿಸಿಕೊಂಡು ಹೋಗಲು ಒಂದು, ಬಾಗಿಲು ದಾಟಲು ಒಂದು, ಗೋಡೆ ಪಕ್ಕದಲ್ಲೇ ಸಾಗಲು ಇನ್ನೊಂದು. ಯಾವಾಗ ಯಾವುದು ಎಂದು ಕುರ್ಚಿಯೇ ಊಹಿಸಬೇಕು ಎನ್ನುವುದು ಆಗಿನಿಂದ ಇರುವ ತಲೆನೋವು.

ಇವತ್ತು ಹೆಚ್ಚಿನವರು ಹಿಡಿದಿರುವ ದಾರಿಗೆ ಹಂಚಿಕೆಯ ಚಾಲನೆ ಎನ್ನಬಹುದು. ಎತ್ತಿನ ಗಾಡಿ ನೋಡಿದವರಿಗೆ ಇದು ಹೊಸದಲ್ಲ. ಗುಂಡಿ ಬಂದರೆ ಎತ್ತು ತಾನೇ ಪಕ್ಕಕ್ಕೆ ಸರಿಯುತ್ತದೆ. ಸಂಜೆ ಗಾಡಿಯವನು ಹಗ್ಗ ಸಡಿಲ ಬಿಟ್ಟು ತೂಕಡಿಸಿದರೂ ಮನೆಗೆ ಬರುತ್ತದೆ. ಆದರೆ ಹಗ್ಗ ಜಗ್ಗಿದರೆ ಜಗ್ಗಿದ ಕಡೆಗೇ ತಿರುಗಬೇಕು. ಕುರ್ಚಿಯಲ್ಲೂ ಹಾಗೇ. ಕೂತವರು ‘ಬಲಕ್ಕೆ’ ಎನ್ನುತ್ತಾರೆ, ಕುರ್ಚಿ ಬಾಗಿಲಿನ ನಟ್ಟನಡುವಿಗೆ ಸರಿಯಾಗಿ ಆ ಬಲವನ್ನು ತಿದ್ದುತ್ತದೆ. ದಾರಿ ಸಲೀಸಾಗಿದ್ದಾಗ ಮನುಷ್ಯನ ಮಾತಿಗೆ ತೂಕ ಜಾಸ್ತಿ, ಗುದ್ದುವ ಅಪಾಯ ಹತ್ತಿರವಾದಂತೆ ಕುರ್ಚಿಯ ಮಾತಿಗೆ ತೂಕ ಜಾಸ್ತಿ. ಮಿಯಾನ್ ತಂಡದ ಮಿದುಳಿನ ಕುರ್ಚಿಯೂ ಹೀಗೇ ನಡೆದದ್ದು. ಎಡ, ಬಲ ಹೇಳಿದ್ದು ಕೂತವರು, ಗುದ್ದದಂತೆ ನೋಡಿಕೊಂಡದ್ದು ಕುರ್ಚಿ.

ಇನ್ನೂ ಮುಂದೆ ಹೋದರೆ ದಾರಿಯೇ ಹೇಳಬೇಕಿಲ್ಲ, ಊರು ಹೇಳಿದರೆ ಸಾಕು. 2008ರಲ್ಲಿ ಅಮೆರಿಕದ ಎಂಐಟಿಯ ಸೇತ್ ಟೆಲ್ಲರ್, ನಿಕೋಲಸ್ ರಾಯ್ ಮತ್ತಿತರರು ಬೋಸ್ಟನ್ ಹೋಮ್ ಎಂಬ ಆರೈಕೆ ಕೇಂದ್ರದ ಜೊತೆ ಸೇರಿ ಅಂಥ ಕುರ್ಚಿಯ ಕೆಲಸ ಮಾಡಿದರು. ಮೊದಲು ಒಂದು ಸಲ ಕುರ್ಚಿಯನ್ನು ಕರೆದುಕೊಂಡು ಕಟ್ಟಡ ಸುತ್ತಿಸುವುದು. ‘ಇದು ನನ್ನ ಕೋಣೆ’, ‘ಇದು ಅಡುಗೆಮನೆ’ ಎಂದು ಬಾಯಲ್ಲಿ ಹೇಳುವುದು. ಆಮೇಲೆ ‘ನನ್ನ ಕೋಣೆಗೆ ಹೋಗು’ ಎಂದರೆ ಕುರ್ಚಿ ತಾನೇ ಹೋಗುತ್ತದೆ. ಮನೆಗೆ ಬಂದ ನೆಂಟರಿಗೆ ನಾವು ಮನೆ ತೋರಿಸುವ ಹಾಗೆಯೇ ಅಲ್ವಾ? 2020ರಿಂದ ಜಪಾನಿನ ಹನೇಡಾ ವಿಮಾನ ನಿಲ್ದಾಣದಲ್ಲಿ ವಿಲ್ ಕಂಪನಿಯ ಕುರ್ಚಿಗಳು ಪ್ರಯಾಣಿಕರನ್ನು ಗೇಟಿಗೆ ಬಿಟ್ಟು ಖಾಲಿಯಾಗಿ ತಾವೇ ವಾಪಸ್ ಬರುತ್ತವೆ.

ವಿಮಾನ ನಿಲ್ದಾಣಕ್ಕೆ ಅದು ಒಪ್ಪುತ್ತದೆ. ಮನೆಯಲ್ಲಿ, ಬದುಕಿನಲ್ಲಿ ನನಗೆ ಹಂಚಿಕೆಯ ಚಾಲನೆಯೇ ಸರಿ ಎನಿಸುತ್ತದೆ. ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಕೂತವರೇ ತೀರ್ಮಾನಿಸಬೇಕು. ಪುಟ್ಟ ಮಕ್ಕಳ ವಿಷಯ ನೋಡಿದರೂ ಅದೇ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಕೋಲ್ ಗ್ಯಾಲೊವೇ ಮೊದಲು ಕೂಸುಗಳೇ ಓಡಿಸುವ ರೋಬೋ ಮಾಡಿದರು. ಆಮೇಲೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಆಟಿಕೆ ಕಾರಿಗೆ ಒಂದು ದೊಡ್ಡ ಗುಂಡಿ ಕೂರಿಸಿ ನಡೆಯಲಾಗದ ಮಕ್ಕಳಿಗೆ ಕೊಡತೊಡಗಿದರು. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಓಡಾಡುವ ಮಗು ಬೇರೆ ಮಕ್ಕಳ ಹತ್ತಿರ ಹೋಗುತ್ತದೆ, ಬೇಕಾದ್ದನ್ನು ಹುಡುಕುತ್ತದೆ. ಎತ್ತಿಕೊಂಡು ತಿರುಗಿಸಿದರೆ ಆ ಕಲಿಕೆ ಆಗುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಜಗತ್ತಿನಲ್ಲಿ ಸುಮಾರು 8 ಕೋಟಿ ಜನರಿಗೆ ಗಾಲಿಕುರ್ಚಿ ಬೇಕು, ಸಿಕ್ಕಿರುವುದು ಕೆಲವೇ ಪಾಲು ಜನರಿಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಬೋ ಕುರ್ಚಿ ಇರಲಿ, ಅಳತೆಗೆ ಸರಿಯಾದ ತಳ್ಳುಕುರ್ಚಿಯೂ ಇಲ್ಲದೆ ಮನೆಯೊಳಗೇ ಉಳಿದವರು ಎಷ್ಟೋ ಜನ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಶುರು ಮಾಡಿದ, ವಿಕಲಚೇತನರಿಗಾಗಿ ದುಡಿಯುವ ಎಪಿಡಿ ಸಂಸ್ಥೆ, 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಈ ಕೆಲಸದಲ್ಲಿವೆ. ಮದ್ರಾಸ್ ಐಐಟಿಯಲ್ಲಿ ಸುಜಾತಾ ಶ್ರೀನಿವಾಸನ್ ಅವರ ಕೇಂದ್ರದಿಂದ 2019ರಲ್ಲಿ ಎದ್ದು ನಿಲ್ಲಿಸುವ ಗಾಲಿಕುರ್ಚಿ ಬಂತು. ಅಲ್ಲಿಂದಲೇ ಹೊರಟ ನಿಯೋಮೋಷನ್ ಕಂಪನಿ ಒಬ್ಬೊಬ್ಬರ ಅಳತೆಗೆ ಹೊಂದಿಸುವ ಕುರ್ಚಿಯನ್ನೂ, ಅದಕ್ಕೆ ಮುಂದೆ ಸಿಕ್ಕಿಸಿ ರಸ್ತೆಯಲ್ಲಿ ಓಡಿಸುವ ಮೋಟಾರು ಭಾಗವನ್ನೂ ಮಾಡುತ್ತದೆ. ಇವಕ್ಕೆ ಕೈ ಬೇಕು. ಕೈ ಇಲ್ಲದವರಿಗೆ ಬೇಕಾದ ಗದ್ದದ, ತಲೆಯ, ಉಸಿರಿನ ಸಾಧನಗಳು ಹೆಚ್ಚಾಗಿ ಹೊರಗಿನಿಂದ ಬರುತ್ತವೆ, ಬೆಲೆಯೂ ಹಾಗೇ ಇರುತ್ತದೆ.

ಕುರ್ಚಿ ಬಂದರೂ ನಮ್ಮ ಮನೆಗಳಲ್ಲಿ ಹೊಸಿಲು ಇದೆ. ಎರಡೇ ಇಂಚು. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಜಾಗ, ತೆಗೆಸಿ ಎನ್ನಲು ಬಾಯಿ ಬರುವುದಿಲ್ಲ. ನಮ್ಮಲ್ಲಿ ಅಜ್ಜಿಯೇ ದಾರಿ ತೋರಿಸಿದರು. ಹೊಸಿಲು ಹಾಗೇ ಇರಲಿ, ಎರಡೂ ಕಡೆ ಇಳಿಜಾರು ಹಲಗೆ ಇಡಿ ಎಂದರು. ಬಡಗಿ ಹಲಸಿನ ಹಲಗೆ ಹೆರೆದು ಇಟ್ಟ.

ಕೊಳ್ಳಲು ಹೊರಟವರಿಗೆ ಒಂದು ಮಾತು. ಸಾಧನಕ್ಕಿಂತ ಮೊದಲು ಕೂರುವ ಭಂಗಿ ನೋಡಿ. ಬೆನ್ನು ವಾಲಿದ್ದರೆ, ತಲೆ ಬಾಗಿದ್ದರೆ, ಎಂಥ ಸೆನ್ಸರ್ ಹಾಕಿದರೂ ಕೆಲಸ ಮಾಡುವುದಿಲ್ಲ. ಸ್ಪರ್ಶ ಇಲ್ಲದವರಿಗೆ ಒಂದೇ ಕಡೆ ಒತ್ತಿ ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ, ಹಾಗಾಗಿ ಒಳ್ಳೆಯ ಕುಶನ್‌ಗೆ ದುಡ್ಡು ಎತ್ತಿಡಿ. ಜಾಯ್‌ಸ್ಟಿಕ್ ಯಾವ ಕಡೆ ಬೇಕು, ಮುಂದೆ ಬೇರೆ ಸಾಧನ ಜೋಡಿಸಲು ಕಂಟ್ರೋಲರ್ ಒಪ್ಪುತ್ತದೆಯಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಎಷ್ಟೋ ಅಗ್ಗದ ಕುರ್ಚಿಗಳಲ್ಲಿ ಅದಕ್ಕೆ ಅವಕಾಶವೇ ಇರುವುದಿಲ್ಲ. ನಾವು ಕೇಳಿರಲಿಲ್ಲ. ಮುಂದೆ ಚಿಕ್ಕಪ್ಪನ ತೋಳು ಸೋತರೆ ಈ ಕುರ್ಚಿಗೆ ಗದ್ದದ ಜಾಯ್‌ಸ್ಟಿಕ್ ಹಾಕಲು ಬರುವುದಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಹರವಿತ್ತು. ಚಿಕ್ಕಪ್ಪ ಜಗಲಿಯಿಂದ ಹೊರಟು ಗೇಟಿನ ಕಡೆ ಹೋಗುತ್ತಿದ್ದರು. ಅಡಿಕೆಯ ಪಕ್ಕದಲ್ಲಿ, ನಟ್ಟನಡುವೆ, ಕುರ್ಚಿ ನಿಂತುಬಿಟ್ಟಿತು. ಬ್ಯಾಟರಿ ಹೋಯಿತೇನೋ, ‘ಯು’ ಸಡಿಲವಾಯಿತೇನೋ ಎಂದು ನಾನು ಓಡಿ ಹೋದೆ.

‘ಯಾಕೆ ನಿಂತ್ರಿ ಚಿಕ್ಕಪ್ಪ? ಏನಾಯ್ತು?’

ಅವರು ಅಡಿಕೆ ನೋಡುತ್ತಿದ್ದರು. ಬಿಸಿಲಿಗೆ ಒಣಗುವ ವಾಸನೆ ಬರುತ್ತಿತ್ತು.

‘ಏನಿಲ್ಲ, ಸುಮ್ನೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಮುಷ್ಟಿಯನ್ನು ಮುಂದಕ್ಕೆ ತಳ್ಳಿದರು.